ಕಾಲೇಜ್ ತಂಡಕ್ಕೆ ಆಡೋರಿಗೆ ಯೂನಿಯನ್ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಕ್ಕನ ಮಗಳು ಅಮೆರಿಕದ ಒಂದು ಯೂನಿವರ್ಸಿಟಿಲಿ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಓದ್ತಿದಾಳೆ. ಅಲ್ಲಿ ಕಾಲೇಜ್ ಆಟಗಾರರು ನಮ್ಮನ್ನ ನೌಕರರು ಅಂತ ಒಪ್ಕೊಳಿ, ಯೂನಿಯನ್ ಕಟ್ಟೋಕೆ ಬಿಡಿ ಅಂತ ಕೇಳ್ತಿದಾರಂತೆ, ಇವಳಿಗೂ ಅದು ಸರಿ ಅನ್ಸಿದೆ. ನಮ್ಮ ಭಾವ ಮಾತ್ರ "ಫೀಸ್ ಬಿಟ್ಟು ಊಟ ಹಾಕಿ ಓದಿಸ್ತಿದಾರೆ, ಓದೋ ಮಕ್ಕಳಿಗೆ ಎಂಥ ಯೂನಿಯನ್" ಅಂತ ಫೋನಲ್ಲೇ ಬೈತಾರೆ. ಯಾರ ಮಾತು ಸರಿ?
(ಓದುಗರು, ಹಾಸನ)

ಉತ್ತರ: ನಾನು ನಿಮ್ಮ ಅಕ್ಕನ ಮಗಳ ಕಡೆ.

ಭಾವ ಹೇಳೋದ್ರಲ್ಲೂ ನಿಜ ಇದೆ, ಅಲ್ಲಿಯ ಫೀಸ್ ನೋಡಿದ್ರೆ ಸ್ಕಾಲರ್‌ಶಿಪ್ ಸಣ್ಣ ಮೊತ್ತ ಅಲ್ಲ. ಆದ್ರೆ ಅದು ಮಾರ್ಕ್ಸ್ ನೋಡಿ ಕೊಟ್ಟಿದ್ದಲ್ಲ, ಆಡ್ತಾಳೆ ಅಂತ ಕೊಟ್ಟಿದ್ದು. 2014ರಲ್ಲಿ ಶಿಕಾಗೋ ಹತ್ರದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಹುಡುಗರು, ಕೇನ್ ಕೋಲ್ಟರ್ ಅನ್ನೋ ಕ್ವಾರ್ಟರ್‌ಬ್ಯಾಕ್ (ಮೈದಾನದಲ್ಲಿ ತಂಡದ ದಾಳಿ ನಡೆಸೋ ಆಟಗಾರ) ಮುಂದೆ ನಿಂತು, ಯೂನಿಯನ್ ಬೇಕು ಅಂತ ಅಲ್ಲಿನ ಕೇಂದ್ರ ಸರ್ಕಾರದ ಲೇಬರ್ ಬೋರ್ಡ್‌ಗೆ ಅರ್ಜಿ ಹಾಕಿದ್ರು. ವಿಚಾರಣೆಲಿ ಹೊರಗೆ ಬಂದಿದ್ದೇನು ಅಂದ್ರೆ ಸೀಸನ್ ಟೈಮಲ್ಲಿ ಆ ಹುಡುಗರು ವಾರಕ್ಕೆ 40ರಿಂದ 50 ಗಂಟೆ ಬರೀ ಫುಟ್‌ಬಾಲಿಗೇ ಕೊಡ್ತಿದ್ರು, ಕ್ಯಾಂಪ್ ಟೈಮಲ್ಲಿ ಇನ್ನೂ ಜಾಸ್ತಿ, ಯಾವಾಗ ಏಳ್ಬೇಕು ಎಲ್ಲಿರ್ಬೇಕು ಎಲ್ಲಾ ಕೋಚ್ ಹೇಳಿದಂಗೆ. ಡಾಕ್ಟರ್ ಆಗೋ ಆಸೆ ಇದ್ದ ಕೋಲ್ಟರ್, ಕೆಮಿಸ್ಟ್ರಿ ಕ್ಲಾಸ್ ಪ್ರಾಕ್ಟೀಸ್ ಟೈಮಿಗೆ ಅಡ್ಡ ಬರುತ್ತೆ ಅಂತ ಆ ದಾರಿಯನ್ನೇ ಬಿಡ್ಬೇಕಾಯ್ತು ಅಂತ ಹೇಳಿಕೆ ಕೊಟ್ರು. ಓದೋಕೆ ಅಂತ ಕರ್ಕೊಂಡು ಬಂದು ಯಾವ ಕ್ಲಾಸಿಗೆ ಸೇರ್ಬೇಕು ಅನ್ನೋದನ್ನೂ ಆಟವೇ ತೀರ್ಮಾನ ಮಾಡಿದ್ರೆ ಅದನ್ನ ಕೆಲಸ ಅನ್ನದೆ ಇನ್ನೇನು ಅನ್ನೋದು?

ಬೋರ್ಡಿನ ಶಿಕಾಗೋ ಅಧಿಕಾರಿ ಇವರು ನೌಕರರೇ ಅಂದ್ರು, ಹುಡುಗರು ವೋಟೂ ಹಾಕಿದ್ರು, ಆದ್ರೆ ಆ ವೋಟು ಎಣಿಸಲೇ ಇಲ್ಲ. 2015ರ ಆಗಸ್ಟಲ್ಲಿ ವಾಷಿಂಗ್ಟನ್‌ನ ಬೋರ್ಡು ಈ ಕೇಸನ್ನ ನಾವು ತಗೊಳಲ್ಲ ಅಂತ ಕೈಬಿಡ್ತು. ಅವರ ಬಿಗ್ ಟೆನ್ ಲೀಗಲ್ಲಿ ಆಗ ಇದೊಂದೇ ಖಾಸಗಿ ಇತ್ತು, ಉಳಿದವೆಲ್ಲ ಸರ್ಕಾರಿ, ಸರ್ಕಾರಿ ಯೂನಿವರ್ಸಿಟಿ ಮೇಲೆ ಆ ಬೋರ್ಡಿಗೆ ಅಧಿಕಾರ ಇಲ್ಲ, ಒಬ್ಬರಿಗೆ ಮಾತ್ರ ಯೂನಿಯನ್ ಕೊಟ್ರೆ ಲೀಗ್ ಸಮತೋಲನ ಕೆಡುತ್ತೆ ಅಂತ ಕಾರಣ. ಹುಡುಗರು ನೌಕರರಲ್ಲ ಅಂತ ಮಾತ್ರ ಅವತ್ತೂ ಹೇಳ್ಲಿಲ್ಲ. ಆಮೇಲೆ 2024ರ ಮಾರ್ಚಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ 13-2 ವೋಟಲ್ಲಿ ಯೂನಿಯನ್ ಸೇರ್ತು, ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ ಅನ್ನೋದು ನೆನಪಿಡಿ. ಕಾಲೇಜು ಮಾತುಕತೆಗೇ ಕೂರ್ಲಿಲ್ಲ, ಟ್ರಂಪ್ ಗೆದ್ದ ಮೇಲೆ ಬೋರ್ಡಿನ ಸದಸ್ಯರು ಬದಲಾಗ್ತಾರೆ, ತೀರ್ಪು ತಮ್ಮ ವಿರುದ್ಧ ಬರ್ಬಹುದು ಅಂತ ಯೂನಿಯನ್‌ನವರೇ ವರ್ಷದ ಕೊನೇ ದಿನ ಅರ್ಜಿ ವಾಪಸ್ ತಗೊಂಡ್ರು.

ಇನ್ನು "ಓದೋ ಮಕ್ಕಳಿಗೆ ಯೂನಿಯನ್ನಾ" ಅನ್ನೋದಕ್ಕೆ. ನಮ್ಮ ಕಡೆಯಿಂದ ಪಿಎಚ್‌ಡಿಗೆ ಅಂತ ಹೋದ ಎಷ್ಟೋ ಹುಡುಗ ಹುಡುಗೀರು ಅಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿರ್ತಾರೆ, ಅವರಿಗೆ ಯೂನಿಯನ್ ಇದೆ. 2022ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸುಮಾರು 48,000 ಜನ ಮುಷ್ಕರ ಮಾಡಿ ಸಂಬಳ ಏರಿಸಿಕೊಂಡ್ರು. ಅವರು ಬೆಳಿಗ್ಗೆ ವಿದ್ಯಾರ್ಥಿ, ಮಧ್ಯಾಹ್ನ ನೌಕರ, ಅದರಿಂದ ಯಾರ ಓದೂ ಹಾಳಾಗ್ಲಿಲ್ಲ. ನಮ್ಮಲ್ಲಿ ರೈಲ್ವೇಸ್ ತಂಡಕ್ಕೆ ಆಡೋರು ರೈಲ್ವೆ ನೌಕರರೇ ತಾನೆ, ಹಂಗಂತ ಅವರ ಆಟದ ಮರ್ಯಾದೆ ಕಮ್ಮಿ ಆಗಿದ್ಯಾ?

ಆದ್ರೆ ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಸಂಬಳ ಅಲ್ಲ, ಪೆಟ್ಟು. 1955ರಲ್ಲಿ ರೇ ಡೆನಿಸನ್ ಅನ್ನೋ ಆಟಗಾರ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುವಾಗ ತಲೆಗೆ ಪೆಟ್ಟು ಬಿದ್ದು ತೀರ್ಕೊಂಡ. ಹೆಂಡತಿ ಕಾರ್ಮಿಕರ ಪರಿಹಾರ ಕೇಳಿದ್ರು, 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲೇ ಇಲ್ಲ ಅಂತ ಹೇಳಿ ಕಳಿಸ್ತು. 1974ರಲ್ಲಿ ಟೆಕ್ಸಸ್‌ನ ಕೆಂಟ್ ವಾಲ್ಡ್ರೆಪ್ ಮ್ಯಾಚಲ್ಲಿ ಬಿದ್ದು ಕುತ್ತಿಗೆ ಕೆಳಗೆ ಸ್ವಾಧೀನ ಕಳ್ಕೊಂಡ್ರು, ವರ್ಷಗಟ್ಲೆ ಹೋರಾಡಿದ ಮೇಲೆ 2000ದಲ್ಲಿ ಕೋರ್ಟ್ ನೀವು ನೌಕರ ಅಲ್ಲ ಅಂತು. ಫ್ಯಾಕ್ಟರಿಲಿ ಕೈ ಹೋದ್ರೆ ಸಿಗೋ ಹಕ್ಕು ಮೈದಾನದಲ್ಲಿ ಬೆನ್ನುಮೂಳೆ ಮುರಿದ್ರೆ ಇಲ್ಲ! ಈಗ 2024ರಿಂದ ಎನ್‌ಸಿಎಎ, ಅಂದ್ರೆ ಅಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ, ಆಟ ಬಿಟ್ಟ ಮೇಲೂ ಎರಡು ವರ್ಷ ಇನ್ಶೂರೆನ್ಸ್ ಕೊಡ್ತಿದೆ, ಒಳ್ಳೇದೇ. ಆದ್ರೆ 20ನೇ ವಯಸ್ಸಲ್ಲಿ ಹರಿದ ಮಂಡಿ 40ರಲ್ಲಿ ನೋವು ಕೊಡುತ್ತೆ, ಅದಕ್ಕೆ ಎಷ್ಟು ವರ್ಷ ಚಿಕಿತ್ಸೆ ಅನ್ನೋದನ್ನ ಮಾತಾಡೋ ಟೇಬಲ್ ಹತ್ರ ಆ ಮಂಡಿ ಇರೋರೂ ಕೂತಿರ್ಬೇಕು ಅಂತಾನೇ ನಾನು ಹೇಳೋದು.

ಪ್ರಶ್ನೆ: ಈಗ ಕಾಲೇಜುಗಳೇ ಆಟಗಾರರಿಗೆ ಕೋಟಿಗಟ್ಲೆ ಕೊಡ್ತಿವೆಯಂತೆ, ಮತ್ತೆ ಯೂನಿಯನ್ ಯಾಕೆ? ಖರ್ಚು ಜಾಸ್ತಿ ಆದ್ರೆ ಸಣ್ಣ ಆಟಗಳನ್ನ ಮುಚ್ಚಲ್ವಾ?
(ಓದುಗರು, ದಾವಣಗೆರೆ)

ಉತ್ತರ: ಕೊಡ್ತಿರೋದು ನಿಜ. ಎನ್‌ಸಿಎಎ ಮೇಲೆ ಆಟಗಾರರು ಹಾಕಿದ್ದ ಕೇಸಲ್ಲಿ 2025ರ ಜೂನಲ್ಲಿ ಕೋರ್ಟ್ ಒಪ್ಪಿದ ರಾಜಿ ಪ್ರಕಾರ ಒಂದು ಯೂನಿವರ್ಸಿಟಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೂ ಆಟಗಾರರಿಗೆ ಹಂಚಬಹುದು, ಹಳೇ ಆಟಗಾರರಿಗೆ ಒಟ್ಟು 280 ಕೋಟಿ ಡಾಲರ್ ಪರಿಹಾರ. ಆದ್ರೆ ಹೆಚ್ಚಿನ ಪಾಲು ಹೋಗೋದು ಫುಟ್‌ಬಾಲ್ ಮತ್ತು ಗಂಡಸರ ಬಾಸ್ಕೆಟ್‌ಬಾಲಿಗೆ. ಮಿತಿ ಇಷ್ಟೇ ಅಂತ ಗೊತ್ತು ಮಾಡಿದ್ದು ಲಾಯರ್‌ಗಳು, ಆಟಗಾರರು ಆರಿಸಿದ ಯಾರೂ ಅಲ್ಲಿರ್ಲಿಲ್ಲ. ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದಲ್ಲಿ ಯೂನಿಯನ್ನೂ ಮಾಲೀಕರೂ ಎದುರಾಬದುರು ಕೂತು ಸಂಬಳದ ಮಿತಿ ಒಪ್ಕೋತಾರೆ, ಅದಕ್ಕೇ ಅದು ಕೋರ್ಟಲ್ಲಿ ಬೀಳಲ್ಲ. ಆಟಗಾರರ ದುಡ್ಡಿಗೆ ತಾವೇ ಮಿತಿ ಹಾಕಿ ಕಾಲೇಜುಗಳು ವರ್ಷ ವರ್ಷ ಕೇಸ್ ಸೋಲ್ತಿರೋದಕ್ಕೆ ಇದೇ ಮದ್ದು, ಅವರಿಗೇ ಲಾಭ.

ಸಣ್ಣ ಆಟದ ಭಯ ಸುಳ್ಳಲ್ಲ, ನಾನು ಅದನ್ನ ತಳ್ಳಿಹಾಕಲ್ಲ. ಆದ್ರೆ 2020ರಲ್ಲಿ ಅಯೋವಾ ಯೂನಿವರ್ಸಿಟಿ ಗಂಡಸರ ಟೆನಿಸ್ ಮುಚ್ಚಿದಾಗ ಯಾವ ಯೂನಿಯನ್ ಇತ್ತು? ಅದೇ ವರ್ಷ ಸ್ಟ್ಯಾನ್‌ಫರ್ಡ್ 11 ಆಟ ಬಿಡ್ತೀವಿ ಅಂದು, ಜನ ಜೋರು ಗಲಾಟೆ ಮಾಡಿದ ಮೇಲೆ 2021ರಲ್ಲಿ ವಾಪಸ್ ತಗೊಳ್ತು. ಒಟ್ಟಿಗೆ ನಿಂತಿದ್ದಕ್ಕೇ ಆ ಆಟಗಳು ಉಳಿದಿದ್ದು.

ಪ್ರಶ್ನೆ: ಸ್ಟೂಡೆಂಟ್ ವೀಸಾ ಇರೋರು ನೌಕರರು ಅಂತಾದ್ರೆ ವೀಸಾಗೆ ತೊಂದ್ರೆ ಆಗಲ್ವಾ?
(ಓದುಗರು, ಮೈಸೂರು)

ಉತ್ತರ: ಯೂನಿಯನ್ ಸೇರೋದ್ರಿಂದ ಆಗಲ್ಲ, ಟೀಚಿಂಗ್ ಅಸಿಸ್ಟೆಂಟ್‌ಗಳು ಅದೇ ಎಫ್-1 ವೀಸಾದಲ್ಲಿದ್ದೇ ಸದಸ್ಯರಾಗಿದಾರೆ. ತೊಡಕಿರೋದು ಗಂಟೆ ಲೆಕ್ಕದಲ್ಲಿ. ಎಫ್-1 ಇರೋರು ಕ್ಲಾಸ್ ನಡೆಯೋವಾಗ ಕ್ಯಾಂಪಸ್ಸಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡ್ಬಹುದು. ಎನ್‌ಸಿಎಎ ಕೂಡ ಪ್ರಾಕ್ಟೀಸಿಗೆ 20 ಗಂಟೆ ಅಂತಲೇ ಮಿತಿ ಇಟ್ಟಿದೆ, ಆದ್ರೆ ಪ್ರಯಾಣ, ಫಿಸಿಯೋ, "ಇಷ್ಟ ಇದ್ರೆ ಬನ್ನಿ" ಅನ್ನೋ ವರ್ಕೌಟು ಯಾವುದೂ ಆ ಲೆಕ್ಕಕ್ಕೆ ಸೇರಲ್ಲ. ಅದೆಲ್ಲ ಕೆಲಸದ ಅವಧಿ ಅಂತಾದ ದಿನ ವೀಸಾ ನಿಯಮವನ್ನೂ ಸರ್ಕಾರ ತಿದ್ದಬೇಕಾಗುತ್ತೆ. ಸದ್ಯಕ್ಕೆ ಜಾಹೀರಾತು ದುಡ್ಡು, ಕಾಲೇಜು ಹಂಚೋ ಪಾಲು ಏನೇ ಬಂದ್ರೂ ಸಹಿ ಹಾಕೋ ಮೊದಲು ಕ್ಯಾಂಪಸ್ಸಿನ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಲ್ಲಿ ಕೇಳಿ, ಉತ್ತರ ಇಮೇಲಲ್ಲೇ ಬರಿಸ್ಕೊಳಿ, ಕೋಚ್ ಬಾಯಿಮಾತಲ್ಲಿ ಹೇಳಿದ್ದನ್ನ ನಂಬ್ಕೊಂಡು ಸಹಿ ಹಾಕ್ಬೇಡಿ.