ಮೇ ಬಂದರೂ ಚಿಗುರದ ದಾಸವಾಳ: ಕಿತ್ತು ಹಾಕಲಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಪೂಜೆಗೆ ಇರಲಿ ಅಂತ ಬೆಳೆಸಿದ ದಾಸವಾಳ ಚಳಿಗೆ ಸತ್ತುಹೋಯಿತು. ಚಳಿ ತಡೆಯುತ್ತದೆ ಅಂತ ನರ್ಸರಿಯಲ್ಲಿ ಹೇಳಿದರು, ಹಾಗಾಗಿ ಹೋದ ಅಕ್ಟೋಬರಿನಲ್ಲಿ ರೋಸ್ ಆಫ್ ಶ್ಯಾರನ್ ಎಂಬ ದಾಸವಾಳದ ಗಿಡ ನೆಟ್ಟೆವು. ಈಗ ಮೇ ಮೊದಲ ವಾರ. ಪಕ್ಕದ ಮನೆಯ ಲೈಲಾಕ್ ಹೂ ಬಿಟ್ಟಿದೆ, ನಮ್ಮದು ಬರೀ ಒಣಕಡ್ಡಿ. ಕಿತ್ತು ಬೇರೆ ನೆಡಲಾ? ಬದುಕಿದ್ದರೆ ಗಣೇಶನ ಹಬ್ಬಕ್ಕೆ ಹೂ ಸಿಗುತ್ತದಾ?

ಉತ್ತರ: ದಯವಿಟ್ಟು ಕೀಳಬೇಡಿ. ಈ ಗಿಡ ಚಿಗುರುವುದೇ ತಡ. ಸುತ್ತಲಿನ ಗಿಡವೆಲ್ಲ ಹಸಿರಾದ ಮೇಲೂ ಇದು ಸುಮ್ನೆ ನಿಂತಿರುತ್ತದೆ. ನೆಟ್ಟ ಮೊದಲ ವರ್ಷ ಇನ್ನೂ ನಿಧಾನ. ಪ್ರತಿ ವಸಂತದಲ್ಲೂ ಸತ್ತಿದೆ ಅಂದುಕೊಂಡು ಜೀವಂತ ಗಿಡಗಳನ್ನೇ ಕಿತ್ತು ಎಸೆಯುವವರಿದ್ದಾರೆ.

ಅನುಮಾನ ಇದ್ದರೆ ಹೀಗೆ ನೋಡಿ. ಒಂದು ಕಡ್ಡಿಯ ತುದಿಯಲ್ಲಿ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ತಿಳಿ ಹಸಿರು, ಮುಟ್ಟಿದರೆ ತೇವ ಅನಿಸಿದರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿ ಉದುರಿದರೆ ಅಷ್ಟು ಭಾಗ ಸತ್ತಿದೆ. ಆಗ ನಾಲ್ಕು ಬೆರಳು ಕೆಳಗೆ ಬಂದು ಮತ್ತೆ ಕೆರೆಯಿರಿ. ಎಲ್ಲಿ ಹಸಿರು ಕಾಣುತ್ತದೋ ಅದರ ಮೇಲಿನದ್ದನ್ನು ಕತ್ತರಿಸಿ ಹಾಕಿ. ತುದಿ ಒಣಗಿದ ಮಾತ್ರಕ್ಕೆ ಗಿಡ ಹೋಯಿತು ಅಂತಲ್ಲ. ಎಲ್ಲೂ ಹಸಿರು ಕಾಣದಿದ್ದರೂ ಜೂನ್ ಮಧ್ಯದವರೆಗೆ ಕಾಯಿರಿ, ಬುಡದಿಂದ ಚಿಗುರು ಬರಬಹುದು.

ಇನ್ನೊಂದು ವಿಷಯ. ಅಕ್ಟೋಬರಿನಲ್ಲಿ ನೆಟ್ಟಿದ್ದೀರಿ ಅಂದಿರಿ, ಅಲ್ವಾ? ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಈ ಎಳೆದಾಟದಲ್ಲಿ ಹೊಸದಾಗಿ ನೆಟ್ಟ ಗಿಡ ಬೇರಿನ ಸಮೇತ ಮೇಲಕ್ಕೆ ಎದ್ದುಬಿಡುತ್ತದೆ. ಬೇರಿನ ಉಂಡೆ ಹೊರಗೆ ಕಾಣುತ್ತಿದ್ದರೆ ಮೆಲ್ಲಗೆ ಒತ್ತಿ ಕೂರಿಸಿ, ಮಣ್ಣು ಹಾಕಿ, ನೀರು ಕೊಡಿ. ಮೇಲೆ ಎರಡು ಮೂರು ಇಂಚು ಮರದ ಚಕ್ಕೆಯೋ ಒಣ ಎಲೆಯೋ ಹಾಸಿ. ಕಾಂಡಕ್ಕೆ ಮಾತ್ರ ತಾಗಬಾರದು.

ಮೊದಲಿನ ಗಿಡ ಸತ್ತಿದ್ದು ನಿಮ್ಮ ತಪ್ಪಲ್ಲ. ನಮ್ಮೂರಿನ ದಾಸವಾಳಕ್ಕೆ ಹೆಪ್ಪುಗಟ್ಟುವ ಚಳಿ ಆಗದು. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮೊದಲೇ ಕುಂಡವನ್ನು ಮನೆಯೊಳಗೆ ತರಬೇಕು. ರೋಸ್ ಆಫ್ ಶ್ಯಾರನ್ ಕೂಡ ದಾಸವಾಳದ ಕುಲದ್ದೇ, ಆದರೆ ಚೀನಾದ ಕಡೆಯ ಗಟ್ಟಿ ಜಾತಿ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಮಲಗಿಬಿಡುತ್ತದೆ. ಬೇರೂರಿದ ಗಿಡ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ದಕ್ಷಿಣ ಕೊರಿಯಾದವರಿಗೆ ಇದು ರಾಷ್ಟ್ರೀಯ ಹೂವು.

ಇನ್ನು ಹಬ್ಬದ ಹೂವು. ಗಿಡ ಚೇತರಿಸಿಕೊಂಡರೆ ಖಂಡಿತ ಆಸೆ ಇಟ್ಟುಕೊಳ್ಳಬಹುದು. ಇದು ಹೂ ಬಿಡುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ವರಮಹಾಲಕ್ಷ್ಮಿಗೂ ಆಯಿತು, ಗಣೇಶನಿಗೂ ಆಯಿತು. ಮೊದಲ ವರ್ಷ ಬುಟ್ಟಿ ತುಂಬಾ ಸಿಗದಿದ್ದರೆ ಬೇಜಾರಾಗಬೇಡಿ. ಗಣೇಶನಿಗೆ ಅಚ್ಚ ಕೆಂಪೇ ಬೇಕು ಅಂದರೆ ಮಾತ್ರ ಇದರಲ್ಲಿ ಸಿಗುವುದಿಲ್ಲ. ಬಿಳಿ, ಗುಲಾಬಿ, ನೇರಳೆ, ನೀಲಿ ಛಾಯೆ ಇವೆ. ಬಿಳಿ ಎಸಳಿನ ನಡುವೆ ಕಡುಗೆಂಪು ಇರುವ ‘ರೆಡ್ ಹಾರ್ಟ್’ ನನಗೆ ಇಷ್ಟ. ಹೂವು ಹೆಚ್ಚುಕಮ್ಮಿ ಒಂದು ದಿನದ್ದು, ಬೆಳಗ್ಗೆಯೇ ಕೊಯ್ದುಕೊಳ್ಳಿ.

ಹೂ ಬಿಡುವುದು ಆಯಾ ವರ್ಷದ ಹೊಸ ಚಿಗುರಿನಲ್ಲಿ. ಆದ್ದರಿಂದ ಸವರುವ ಕೆಲಸ ಮಾರ್ಚ್ ತಿಂಗಳಲ್ಲಿ, ಚಿಗುರುವ ಮೊದಲೇ ಮುಗಿಯಬೇಕು. ಜುಲೈನಲ್ಲಿ ಕತ್ತರಿ ಹಿಡಿದರೆ ಹಬ್ಬದ ಹೂವನ್ನೇ ಕತ್ತರಿಸಿದ ಹಾಗೆ. ಈ ವರ್ಷ ಸತ್ತ ಕಡ್ಡಿ ಬಿಟ್ಟು ಬೇರೇನೂ ಮುಟ್ಟಬೇಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಮಳೆ ಬಾರದಿದ್ದರೆ ವಾರಕ್ಕೊಮ್ಮೆ ಬುಡಕ್ಕೆ ಇಳಿಯುವಂತೆ ನೀರು ಕೊಡಿ. ಒಂದು ವಾರ ಒಣಗಿಸಿ ಮರುವಾರ ಕೆರೆ ಮಾಡಿದರೆ ಮೊಗ್ಗು ಉದುರುತ್ತದೆ. ಹುಲ್ಲುಹಾಸಿಗೆ ಹಾಕುವ ಗೊಬ್ಬರ ಬುಡಕ್ಕೆ ಬಿದ್ದರೆ ಎಲೆ ಜಾಸ್ತಿ, ಹೂ ಕಮ್ಮಿ.

ಬೇಸಿಗೆಯಲ್ಲಿ ಹಸಿರು ತಲೆಯ, ತಾಮ್ರದ ಬಣ್ಣದ ರೆಕ್ಕೆಯ ಜೀರುಂಡೆ ಬಂದು ಎಲೆಯನ್ನು ಜಾಲರಿ ಮಾಡಿಬಿಡುತ್ತದೆ. ಇದೇ ಜಪಾನೀಸ್ ಬೀಟಲ್. ಬೆಳಗಿನ ತಂಪಿನಲ್ಲಿ ಅವು ಮಂಕಾಗಿರುತ್ತವೆ. ಸೋಪಿನ ನೀರಿನ ಡಬ್ಬಿ ಕೆಳಗೆ ಹಿಡಿದು ಕೊಂಬೆ ತಟ್ಟಿ. ಅಂಗಡಿಯಲ್ಲಿ ಸಿಗುವ ಬಲೆಚೀಲ ಬೇಡ, ಅದರ ವಾಸನೆಗೆ ಪಕ್ಕದ ಮನೆಯ ಜೀರುಂಡೆಗಳೂ ನಿಮ್ಮಲ್ಲಿಗೇ ಬರುತ್ತವೆ. ಹೂವಿರುವಾಗ ಕೀಟನಾಶಕ ಹೊಡೆಯಬೇಡಿ, ಜೇನುನೊಣ ಸಾಯುತ್ತವೆ.

ಪ್ರಶ್ನೆ: ನಮ್ಮದು ಹಳೆಯ ಗಿಡ. ಸುತ್ತ ಎಲ್ಲಿ ನೋಡಿದರೂ ಅದರದ್ದೇ ಮರಿಗಳು. ಏನು ಮಾಡುವುದು?

ಉತ್ತರ: ಈ ಗಿಡದ ದೊಡ್ಡ ತಲೆನೋವೇ ಇದು. ಹೂ ಬಾಡಿದ ಮೇಲೆ ಬೆರಳ ತುದಿಯಷ್ಟು ಕಾಯಿ ಕಟ್ಟುತ್ತದೆ. ಒಣಗಿದಾಗ ಅದು ಐದು ಸೀಳಾಗಿ ಬಾಯಿ ಬಿಡುತ್ತದೆ. ಒಳಗೆ ಅಂಚಿನಲ್ಲಿ ಕೂದಲಿರುವ ಚಪ್ಪಟೆ ಬೀಜಗಳಿರುತ್ತವೆ. ಕಾಯಿ ಹಸಿರಿರುವಾಗಲೇ ಕಿತ್ತುಬಿಡಿ. ಮರಿಗಳನ್ನು ಮಳೆ ಬಂದ ಮರುದಿನ ಎಳೆದರೆ ಸಲೀಸಾಗಿ ಬರುತ್ತವೆ. ಒಂದು ವರ್ಷ ಬಿಟ್ಟಿರೋ, ಗುದ್ದಲಿ ಬೇಕು. ಮರಿಯನ್ನು ಉಳಿಸಿಕೊಂಡರೂ ತಾಯಿಗಿಡದ ಬಣ್ಣವೇ ಬರುತ್ತದೆ ಅಂತ ಹೇಳಲಾಗದು.

ಹೊಸದಾಗಿ ನೆಡುವವರು ‘ಡಯಾನಾ’ ಕೇಳಿ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಎಗೋಲ್ಫ್ ರೂಪಿಸಿದ ತಳಿ ಇದು. ಅಪ್ಪಟ ಬಿಳಿ ಹೂವು, ರಾತ್ರಿಯೂ ಅರಳಿಯೇ ಇರುತ್ತದೆ. ಕ್ರೋಮೋಸೋಮಿನ ಸೆಟ್ ಎರಡರ ಬದಲು ಮೂರು ಇರುವುದರಿಂದ ಬೀಜ ಕಟ್ಟುವುದು ತೀರಾ ಕಮ್ಮಿ. ‘ಹೆಲೆನ್’, ‘ಮಿನರ್ವಾ’, ‘ಆಫ್ರೊಡೈಟ್’ ಇದೇ ಗುಂಪಿನವು.

ಪ್ರಶ್ನೆ: ಮಗಳ ಮನೆಗೆ ಬಂದಿದ್ದೇನೆ. ವಾಪಸ್ ಹೋಗುವಾಗ ಇದರ ನಾಲ್ಕು ಕಡ್ಡಿ ಮೈಸೂರಿಗೆ ಒಯ್ಯಬಹುದಾ?

ಉತ್ತರ: ಬೇಡಮ್ಮಾ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಕಡ್ಡಿಯನ್ನಾಗಲಿ ಬೀಜವನ್ನಾಗಲಿ ಭಾರತಕ್ಕೆ ತರುವಂತಿಲ್ಲ. ಕಡ್ಡಿಯ ಜೊತೆ ರೋಗ, ಕೀಟ ಬರುವ ಭಯ ಸುಮ್ನೆ ಅಲ್ಲ. ಮೈಸೂರಿನಲ್ಲಿ ಐದೆಸಳಿನ ಕೆಂಪು ದಾಸವಾಳ ವರ್ಷವಿಡೀ ಹೂ ಕೊಡುತ್ತದೆ. ಅದನ್ನು ಬಿಟ್ಟು ಮೂರು ತಿಂಗಳು ಹೂ ಬಿಡುವ ಗಿಡದ ಹಿಂದೆ ಯಾಕೆ ಹೋಗುತ್ತೀರಿ? ಕಡ್ಡಿ ಕತ್ತರಿಸಿಯೇ ತೀರಬೇಕು ಅನಿಸಿದರೆ ಜೂನ್ ಕೊನೆಗೆ ಎಳೆ ಕೊಂಬೆ ತೆಗೆದು ಕುಂಡದಲ್ಲಿ ನೆಟ್ಟು, ಬೇರು ಬಿಟ್ಟ ಮೇಲೆ ಮಗಳ ಅಕ್ಕಪಕ್ಕದ ಮನೆಯವರಿಗೆ ಕೊಡಿ.