ಅಳತೆಯ ದಿನ ನಾನು ಧರಣಿಯಲ್ಲಿದ್ದೆ

ಊರಿನ ಮುಖ್ಯರಸ್ತೆ ಅಗಲವಾಗಲಿದೆ, ನಿಮ್ಮ ಅಂಗಡಿಯ ಮುಂಭಾಗ ಹೋಗಲಿದೆ, ಊರವರು ಎರಡು ಪಾಲಾಗಿದ್ದಾರೆ, ಬೆಂಬಲಿಸಬೇಕೋ ವಿರೋಧಿಸಬೇಕೋ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿದವನು. ನನ್ನನ್ನು ಕೆಡಿಸಿದ್ದೂ ಇದೇ ಪ್ರಶ್ನೆ.

ನಮ್ಮದು ಗಂಗಾವತಿ ಮತ್ತು ಸಿಂಧನೂರಿನ ನಡುವಿನ ಒಂದು ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ವಲಸೆ ಬಂದ ರೈತರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು ಒಂದರ ಹಿಂದೊಂದು ಬಂದು ಊರು ರಸ್ತೆಯ ಉದ್ದಕ್ಕೂ ಬೆಳೆಯಿತು, ರಸ್ತೆ ಮಾತ್ರ ಇದ್ದಷ್ಟೇ ಉಳಿಯಿತು. ಸುಗ್ಗಿಯಲ್ಲಿ ಭತ್ತದ ಲಾರಿಗಳೆರಡು ಎದುರಾದರೆ ಶಾಲೆಯ ಮಕ್ಕಳು ಸೈಕಲ್ ಇಳಿದು ಚರಂಡಿಯ ಹಲಗೆಯ ಮೇಲೆ ನಿಲ್ಲಬೇಕಿತ್ತು. ಆ ರಸ್ತೆಯ ಬದಿಯಲ್ಲಿ ಅಪ್ಪ ಹಾಕಿದ ಒಗ್ಗರಣೆ-ಮಿರ್ಚಿ ಹೋಟೆಲು ನನ್ನದು.

ಅಗಲೀಕರಣದ ಅಧಿಸೂಚನೆ ಹೊರಬಿದ್ದಾಗ ಯಾರ ಅಭಿಪ್ರಾಯ ಏನೆಂಬುದು ಅವರವರ ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಒಳ ಓಣಿಯವರಿಗೆ ರಸ್ತೆ ಬೇಕಿತ್ತು, ಏಕೆಂದರೆ ಹೋಗುವುದು ನಮ್ಮ ಗೋಡೆ, ಏರುವುದು ಅವರ ನಿವೇಶನದ ಬೆಲೆ. ಅಂಗಡಿಕಾರರಾದ ನಾವು ಊರ ಹೊರಗೆ ಬೈಪಾಸ್ ಮಾಡಿ ಎಂದೆವು. ಬೈಪಾಸ್ ಆದರೆ ಗಿರಾಕಿಯೂ ಊರ ಹೊರಗೇ ಹೋಗುತ್ತಾನೆ ಎಂಬುದು ಗೊತ್ತಿದ್ದೂ ಹಾಗೆ ಕೂಗಿದೆವು. ನನ್ನನ್ನು ಹೋರಾಟ ಸಮಿತಿಗೆ ಸೇರಿಸಿಕೊಂಡರು. ಮೈಕಿನ ಮುಂದೆ ಚೆನ್ನಾಗಿ ಮಾತನಾಡುತ್ತೇನೆ ಎಂಬ ಹಮ್ಮು ನನಗಿತ್ತು, ಈಗಲೂ ಸ್ವಲ್ಪ ಇದೆ.

ಇನ್ನು ನನ್ನ ತಪ್ಪಿನ ವಿಷಯ. ಜಂಟಿ ಮೋಜಣಿಗೆ, ಅಂದರೆ ಇಲಾಖೆಗಳವರು ಸೇರಿ ಆಸ್ತಿ ಅಳೆಯುವುದಕ್ಕೆ, ಗೊತ್ತುಪಡಿಸಿದ ದಿನವೇ ಸಮಿತಿಯವರು ಊರು ಬಂದ್‌ಗೆ ಕರೆ ಕೊಟ್ಟರು. ಅಳತೆಗೆ ಸಹಕರಿಸಿದರೆ ರಸ್ತೆಗೆ ಒಪ್ಪಿದಂತೆ ಎಂದು ಯಾರೋ ಹೇಳಿದರು, ನಾನೂ ಅದನ್ನೇ ಹತ್ತು ಜನಕ್ಕೆ ಹೇಳಿದೆ. ಅದು ಶುದ್ಧ ತಪ್ಪು ತಿಳಿವಳಿಕೆ. ಭೂಮಿ ಕೊಡುವುದಕ್ಕೆ ಆಕ್ಷೇಪಣೆ ಬೇರೆ, ನಮ್ಮ ಆಸ್ತಿ ಇಷ್ಟಿದೆ, ಹೀಗಿದೆ ಎಂದು ಬರೆಸುವುದು ಬೇರೆ. ಹೋಟೆಲಿಗೆ ಬೀಗ ಹಾಕಿ ಹೋಗಿ ಶಾಮಿಯಾನದ ಕೆಳಗೆ ಕುಳಿತೆ. ಅತ್ತ ಸರ್ವೆಯರ್ ಬಂದವರು ಬೀಗ ನೋಡಿ ಹೊರಗಿನಿಂದಲೇ ಟೇಪು ಹಿಡಿದರು. ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಮುಂಭಾಗದ ತಗಡಿನ ಚಪ್ಪರ ಮಾತ್ರ. ಅದರ ಹಿಂದಿನ, ಅಪ್ಪ ಸಾಲ ಮಾಡಿ ಸ್ಲ್ಯಾಬ್ ಹಾಕಿಸಿ ಪರಸಿ ಹಾಸಿದ್ದ ಅಡುಗೆ ಕೋಣೆ ಕಾಣುವುದಿಲ್ಲ. ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ಪಂಚನಾಮೆಯಲ್ಲಿ ಇಡೀ ಕಟ್ಟಡ ‘ತಗಡಿನ ಶೆಡ್’ ಎಂದು ದಾಖಲಾಯಿತು, ಪಕ್ಕದ ಪಂಕ್ಚರ್ ಅಂಗಡಿಯವನು ಸಾಕ್ಷಿ ಸಹಿ ಹಾಕಿದ. ಅವನನ್ನು ದೂರಿ ಫಲವಿಲ್ಲ, ಅವನೂ ನನ್ನ ಅಡುಗೆ ಕೋಣೆಯೊಳಗೆ ಎಂದೂ ಬಂದವನಲ್ಲ.

ಇದು ಎರಡು ಪದಗಳ ಮಾತಲ್ಲವೇ ಎಂದು ನಿಮಗೆ ಅನ್ನಿಸಬಹುದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಭೂಮಿಯ ಮಾರುಕಟ್ಟೆ ಮೌಲ್ಯಕ್ಕೆ ಕಟ್ಟಡದ ಮೌಲ್ಯವನ್ನು ಕೂಡಿಸಿ, ಆ ಒಟ್ಟಿನ ಮೇಲೆ ಶೇ 100ರಷ್ಟು ಸೊಲೇಷಿಯಂ, ಅಂದರೆ ಸಾಂತ್ವನದ ಹೆಚ್ಚುವರಿ ಹಣ, ಕೊಡುತ್ತಾರೆ. ಅಂದರೆ ಕಟ್ಟಡದ ಬಾಬತ್ತಿನಲ್ಲಿ ಒಂದು ರೂಪಾಯಿ ಕಡಿಮೆ ಬರೆದರೆ ಕೈಗೆ ಎರಡು ರೂಪಾಯಿ ಕಡಿಮೆ ಬರುತ್ತದೆ. ಸ್ಲ್ಯಾಬ್ ಶೆಡ್ ಆದದ್ದರ ನಷ್ಟ ನನಗೆ ಹೀಗೆ ಇಮ್ಮಡಿಯಾಯಿತು. ಧರಣಿಯಿಂದ ರಸ್ತೆಯ ಅಗಲ ಒಂದು ಗೇಣೂ ಕಡಿಮೆಯಾಗಲಿಲ್ಲ.

ಆದ್ದರಿಂದ ಬೆಂಬಲವೋ ವಿರೋಧವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಒಬ್ಬರ ಅಭಿಪ್ರಾಯದಿಂದ ರಸ್ತೆ ನಿಲ್ಲುವುದೂ ಇಲ್ಲ, ಬರುವುದೂ ಇಲ್ಲ. ರಸ್ತೆಯ ಮಧ್ಯರೇಖೆಯನ್ನು ಈಗಿನ ಡಾಂಬರಿನ ನಡುವೆ ಹಿಡಿದಿದ್ದಾರೋ ಹಳೆಯ ದಾಖಲೆಯ ಪ್ರಕಾರ ಹಿಡಿದಿದ್ದಾರೋ ಎಂದು ನಕ್ಷೆ ಪಡೆದು ನೋಡಿ. ಗೋಡೆಯ ಮೇಲಿನ ಕೆಂಪು ಗುರುತು ನಾಲ್ಕು ಅಡಿ ಹಿಂದೆ ಮುಂದೆ ಆಗುವುದು ಅಲ್ಲಿಯೇ. ಆಕ್ಷೇಪಣೆಯನ್ನು ಬರಹದಲ್ಲಿ ಕೊಡಿ: 2013ರ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ ಅವಕಾಶವಿದೆ, ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಕಾಯ್ದೆಯಡಿ 21 ದಿನ ಮಾತ್ರ. ಖಾತೆ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ಖಾತೆ ಬದಲಾವಣೆಗೆ ನಾಳೆಯೇ ಅರ್ಜಿ ಹಾಕಿ. ದರ ಕಡಿಮೆಯಾಯಿತೆಂದು ಆಮೇಲೆ ಗೋಳಾಡುವುದಕ್ಕಿಂತ, ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರಗಳಲ್ಲಿ ನಾವೇ ಕಡಿಮೆ ಬೆಲೆ ಬರೆಸಿದ್ದು ನೆನಪಿರಲಿ, ಏಕೆಂದರೆ ಪರಿಹಾರದ ದರಕ್ಕೆ ಸರಾಸರಿ ತೆಗೆಯುವುದು ಆ ಪತ್ರಗಳಿಂದಲೇ. ಸಮಿತಿಯವರು ಒಟ್ಟಾಗಿ ಕೇಳಬೇಕಾದದ್ದು ಡಿವೈಡರ್‌ನಲ್ಲಿ ದಾಟಲು ತೆರವು ಎಲ್ಲಿ, ಹೊಸ ರಸ್ತೆಯ ಮಟ್ಟ ಅಂಗಡಿಯ ಹೊಸ್ತಿಲಿಗಿಂತ ಎಷ್ಟು ಮೇಲೆ ಎಂಬುದನ್ನು. ನಾವು ಕೇಳಲಿಲ್ಲ. ಈಗ ಎದುರು ಬದಿಯ ಗಿರಾಕಿ ಸುತ್ತು ಹಾಕಿ ಬರಬೇಕು, ಮಳೆ ಬಂದರೆ ನೀರಿಗೆ ಮಾತ್ರ ಸುತ್ತು ಬೇಕಿಲ್ಲ. ಹಾಗೆಂದು ರಸ್ತೆ ಕೆಟ್ಟದ್ದು ಎನ್ನಲಾರೆ. ಮಕ್ಕಳು ಸೈಕಲ್ ಇಳಿಯದೆ ಶಾಲೆಗೆ ಹೋಗುತ್ತಿದ್ದಾರೆ.

ಪರಿಹಾರದ ಹಣ ಪಡೆಯುವಾಗ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರ ಮಾತು ಕೇಳಿ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದ್ದೆ. ಹಾಗೆ ಬರೆಯದೆ ಹಣ ಪಡೆದವರಿಗೆ ಹೆಚ್ಚಿನ ಪರಿಹಾರಕ್ಕಾಗಿ ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರಕ್ಕೆ ಹೋಗುವ ದಾರಿ 2013ರ ಕಾಯ್ದೆಯ 77ನೇ ಕಲಮಿನಿಂದ ಮುಚ್ಚಿಹೋಗುತ್ತದೆ. ನನ್ನ ಅರ್ಜಿ ಹೋಯಿತು, ಆದರೆ ಅಷ್ಟರಲ್ಲಿ ಜೆಸಿಬಿ ಕಟ್ಟಡವನ್ನು ಕೆಡವಿತ್ತು; ಸ್ಲ್ಯಾಬ್ ಇತ್ತೆಂಬುದಕ್ಕೆ ಪುರಾವೆ ಏನೆಂದು ವಕೀಲರು ಕೇಳಿದರು. ಮನೆಯಲ್ಲಿ ಹುಡುಕಾಡಿದಾಗ ಆಯುಧಪೂಜೆಯ ಒಂದು ಫೋಟೊ ಸಿಕ್ಕಿತು. ಅವ್ವ ಮಿರ್ಚಿ ಕರಿಯುವ ಬಾಣಲೆಗೆ ಕುಂಕುಮ ಹಚ್ಚುತ್ತಿದ್ದಾಳೆ, ಅವಳ ತಲೆಯ ಮೇಲೆ ಫ್ಯಾನು, ಫ್ಯಾನಿನ ಕೊಕ್ಕೆ ಸ್ಲ್ಯಾಬಿನಿಂದ ಇಳಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ವಕೀಲರು ಅದನ್ನು ದೊಡ್ಡದು ಮಾಡಿಸಿ ಕೊಕ್ಕೆಯ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು ಕಡತಕ್ಕೆ ಸೇರಿಸಿದ್ದಾರೆ. ಮುಂದಿನ ದಿನಾಂಕಕ್ಕೆ ಕಾಯುತ್ತಿದ್ದೇನೆ.