ಸ್ಕೋಪಿನ ಅರ್ತ್ ಪಿನ್ ತೆಗೆದು 230 ವೋಲ್ಟ್ ಬೋರ್ಡ್ ಅಳೆಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಕುಮಟಾದಲ್ಲಿ ಟಿವಿ ಮತ್ತು ಎಲ್‌ಇಡಿ ಡ್ರೈವರ್ ರಿಪೇರಿ ಮಾಡುತ್ತೀರಿ, ಈಗ ಹೊಸದಾಗಿ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ತಗೊಂಡಿದ್ದೀರಿ. ಎಸ್‌ಎಂಪಿಎಸ್‌ನ (ಸ್ವಿಚಿಂಗ್ ಪವರ್ ಸಪ್ಲೈ) ಪ್ರೈಮರಿ ಕಡೆ, ಅಂದರೆ 230 ವೋಲ್ಟ್ ನೇರವಾಗಿ ಬರುವ ಕಡೆ, ವೇವ್‌ಫಾರ್ಮ್ ನೋಡಬೇಕು. ಪರಿಚಯದವರು "ಸ್ಕೋಪಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ತೆಗೆದುಬಿಡಿ, ಏನೂ ಆಗಲ್ಲ" ಅಂದಿದ್ದಾರೆ.

ಬೇಡ, ದಯವಿಟ್ಟು ತೆಗೆಯಬೇಡಿ. ನಾನೂ ಕಾರವಾರದಲ್ಲಿ ಇದೇ ಕೆಲಸ ಮಾಡುತ್ತೇನೆ. ಈ ಸಲಹೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುವುದನ್ನು ನೋಡಿದರೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಸ್ಕೋಪಿನ ಪ್ಲಗ್ ಗೋಡೆಯಿಂದ ತೆಗೆದಿಡಿ. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಒಂದು ಕಡೆ ಪ್ರೋಬಿನ (ಸ್ಕೋಪಿನ ಅಳೆಯುವ ವೈರ್) ಕಪ್ಪು ಕ್ಲಿಪ್ಪಿಗೆ, ಇನ್ನೊಂದು ಕಡೆ ಪ್ಲಗ್ಗಿನ ದಪ್ಪ ಪಿನ್ನಿಗೆ ಮುಟ್ಟಿಸಿ. ಬೀಪ್ ಬರುತ್ತದೆ. ಅಂದರೆ ಆ ಕ್ಲಿಪ್ ಮಲ್ಟಿಮೀಟರಿನ ಕಪ್ಪು ವೈರಿನ ಹಾಗೆ ಎಲ್ಲಿ ಬೇಕಾದರೂ ಇಡುವಂಥದ್ದಲ್ಲ, ಅದು ನೇರವಾಗಿ ಅರ್ತ್. ಎರಡೂ ಚಾನೆಲ್ಲಿನ ಕ್ಲಿಪ್‌ಗಳು ಸ್ಕೋಪಿನ ಒಳಗೆ ಒಂದಕ್ಕೊಂದು ಸೇರಿಯೇ ಇವೆ.

ಈಗ ಬೋರ್ಡಿಗೆ ಬನ್ನಿ. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಆದ ಮೇಲೆ ದೊಡ್ಡ ಕೆಪಾಸಿಟರಿನ ಮೈನಸ್ಸನ್ನು ನಾವು 'ಗ್ರೌಂಡ್' ಅಂತ ಕರೆಯುತ್ತೇವೆ. ಆದರೆ ಅದು ಅರ್ತ್ ಅಲ್ಲ. ಫೇಸ್ ಪ್ಲಸ್ ಇರುವಾಗ ಆ ಮೈನಸ್ ನ್ಯೂಟ್ರಲ್‌ಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಅರ್ಧ ಸೈಕಲ್ಲಿನಲ್ಲಿ ಡಯೋಡಿನ ಮೂಲಕ ಫೇಸ್‌ಗೇ ಸೇರುತ್ತದೆ, ಅರ್ತ್‌ಗಿಂತ 325 ವೋಲ್ಟಿನಷ್ಟು ಕೆಳಗೆ ಹೋಗುತ್ತದೆ. ಅಲ್ಲಿ ಕ್ಲಿಪ್ ಹಾಕಿದರೆ ಫೇಸ್, ಡಯೋಡ್, ಕ್ಲಿಪ್ಪಿನ ಸಣ್ಣ ವೈರ್, ಸ್ಕೋಪ್, ಅರ್ತ್, ಹೀಗೆ ನೇರ ಶಾರ್ಟ್. ಬ್ರಿಡ್ಜ್ ಹೋಗುತ್ತದೆ, ಸ್ಕೋಪ್ ಒಳಗಿನ ಟ್ರ್ಯಾಕ್ ಸುಡಬಹುದು.

ಅರ್ತ್ ಪಿನ್ ತೆಗೆದರೆ ಆ ಶಾರ್ಟ್ ಆಗುವುದಿಲ್ಲ, ನಿಜ. ಆದರೆ ಆಗ ಸ್ಕೋಪಿನಲ್ಲಿ ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಸಾಕೆಟ್, ಎರಡನೇ ಪ್ರೋಬಿನ ಕ್ಲಿಪ್, ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದರೆ ಲ್ಯಾಪ್‌ಟಾಪ್ ಕೂಡ, ಎಲ್ಲವೂ ಕರೆಂಟಿಗೆ ಸೇರಿಬಿಡುತ್ತವೆ. ನೀವು ಹಿಡಿದು ನಾಬ್ ತಿರುಗಿಸುವ ವಸ್ತು ಅದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ, ಬರಿಗಾಲಲ್ಲಿ ಕೂತು ಕೆಲಸ ಮಾಡುವವರು ಎಷ್ಟೋ ಜನ. ಆ ಸ್ಥಿತಿಯಲ್ಲಿ ಒಮ್ಮೆ ಕೈ ತಾಗಿದರೆ ಸಾಕು.

ಹಾಗಾದರೆ ಅಳೆಯುವುದು ಹೇಗೆ? ಡಿಫರೆನ್ಷಿಯಲ್ ಪ್ರೋಬ್ (ಅರ್ತ್‌ಗೆ ಸೇರಿಸದೆ ಎರಡು ಪಾಯಿಂಟುಗಳ ನಡುವಿನ ವೋಲ್ಟೇಜ್ ಅಳೆಯುವಂಥದ್ದು) ಕೊಳ್ಳಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಲೆ ಜಾಸ್ತಿ, ಆದರೆ ದಿನಾ ಪ್ರೈಮರಿ ಕಡೆ ಕೆಲಸ ಇದ್ದರೆ ನಾನಂತೂ ಅದನ್ನೇ ಹೇಳುತ್ತೇನೆ.

ಸದ್ಯಕ್ಕೆ ನಿಮ್ಮ ಹತ್ತಿರ ಇರುವ ಎರಡು ಪ್ರೋಬ್‌ಗಳಲ್ಲೇ ಮಾಡಬಹುದು. ಎರಡನ್ನೂ ಸ್ಕೋಪಿನ 1 ಕಿಲೋಹರ್ಟ್ಸ್ ಚೌಕ ಅಲೆಗೆ ಸರಿಹೊಂದಿಸಿ. ಎರಡರ ಕ್ಲಿಪ್ಪನ್ನೂ ಬಿಚ್ಚಿ ಪಕ್ಕಕ್ಕಿಡಿ, ಬೋರ್ಡಿಗೆ ಸೋಕಲೇಬಾರದು. ಒಂದರ ತುದಿ ಬೋರ್ಡಿನ ಮೈನಸ್ಸಿಗೆ, ಇನ್ನೊಂದರದ್ದು ನೋಡಬೇಕಾದ ಪಾಯಿಂಟಿಗೆ. ಮ್ಯಾತ್ ಮೆನುವಿನಲ್ಲಿ ಒಂದರಿಂದ ಒಂದನ್ನು ಕಳೆಯಿರಿ. ಎರಡೂ ಚಾನೆಲ್ಲಿಗೆ ಒಂದೇ ವೋಲ್ಟ್ ಸೆಟ್ಟಿಂಗ್ ಇರಲಿ. ಯಾವುದೇ ಚಾನೆಲ್ಲಿನ ಗೆರೆ ಸ್ಕ್ರೀನಿನಿಂದ ಆಚೆ ಹೋದರೆ ಉತ್ತರ ಸುಳ್ಳಾಗುತ್ತದೆ. ಕರೆಂಟಿನ ಅಲೆ ಮೇಲಿಂದ ಕೆಳಗೆ 650 ವೋಲ್ಟ್ ಇರುತ್ತದೆ, ಅಷ್ಟು ಸ್ಕ್ರೀನಿನಲ್ಲಿ ಹಿಡಿಸಬೇಕು. 10ಎಕ್ಸ್ (ವೋಲ್ಟೇಜನ್ನು ಹತ್ತರಲ್ಲಿ ಒಂದಕ್ಕೆ ಇಳಿಸುವ) ಪ್ರೋಬಿನಲ್ಲಿ ಹಿಡಿಸದಿದ್ದರೆ 100ಎಕ್ಸ್ ಬೇಕು. ಎರಡೂ ತುದಿಯನ್ನು ಒಂದೇ ಕಡೆ ಇಟ್ಟು ನೋಡಿ: ಕಳೆದ ಗೆರೆ ಹೆಚ್ಚುಕಡಿಮೆ ನೇರವಾಗಿ ಬಂದರೆ ಸರಿ. ಸಣ್ಣ ಸಿಗ್ನಲ್‌ಗೆ ಈ ವಿಧಾನ ಅಷ್ಟು ಚೆನ್ನಾಗಿಲ್ಲ, ದೊಡ್ಡ ವೋಲ್ಟೇಜಿಗೆ ಸಾಕು.

ಪ್ರೋಬಿನ ಮೇಲೆ ಬರೆದ ವೋಲ್ಟೇಜ್ ಓದಿಕೊಳ್ಳಿ. 1ಎಕ್ಸ್‌ನಲ್ಲಿ ಇಲ್ಲಿ ಮುಟ್ಟಿಸಲೇಬೇಡಿ. ಮಾಸ್‌ಫೆಟ್‌ನ (ಸ್ವಿಚ್ ಮಾಡುವ ಟ್ರಾನ್ಸಿಸ್ಟರ್) ಡ್ರೇನ್ ಕಾಲು ಅಂತೂ 500–600 ವೋಲ್ಟ್ ಸುಲಭವಾಗಿ ದಾಟುತ್ತದೆ. ಅಲ್ಲಿಗೆ 300 ವೋಲ್ಟಿನ ಪ್ರೋಬ್ ಹಿಡಿಯಬಾರದು. ಫ್ರೀಕ್ವೆನ್ಸಿ ಏರಿದ ಹಾಗೆ ಪ್ರೋಬ್ ತಾಳುವ ವೋಲ್ಟೇಜ್ ಇನ್ನೂ ಇಳಿಯುತ್ತದೆ.

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಬೋರ್ಡಿಗೂ ಮೇನ್ಸ್‌ಗೂ ನೇರ ವೈರ್ ಸಂಬಂಧ ಇಲ್ಲದ ಹಾಗೆ ಮಾಡುವಂಥದ್ದು) ಬಗ್ಗೆಯೂ ಕೇಳಿದ್ದೀರಿ. ಅದನ್ನು ಬೋರ್ಡಿಗೆ ಹಾಕಬೇಕು, ಸ್ಕೋಪಿಗಲ್ಲ. ಆಗ ಬೋರ್ಡಿನ ಮೈನಸ್ಸಿಗೆ ಕ್ಲಿಪ್ ಹಾಕಬಹುದು. ಆದರೆ ಕ್ಲಿಪ್ ಹಾಕಿದ ಕ್ಷಣವೇ ಆ ಜಾಗ ಅರ್ತ್ ಆಯ್ತು, ಉಳಿದ ಪಾಯಿಂಟುಗಳೆಲ್ಲ ಮತ್ತೆ ಮೊದಲಿನಷ್ಟೇ ಅಪಾಯ. ಮನೆಯ ಆರ್‌ಸಿಸಿಬಿ (ಕರೆಂಟ್ ಅರ್ತ್‌ಗೆ ಸೋರಿದರೆ ಕಡಿಯುವ ಸ್ವಿಚ್) ಕೂಡ ಆಗ ಟ್ರಿಪ್ ಆಗಿ ಕಾಪಾಡುವುದಿಲ್ಲ. ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್), ಸ್ಟೆಬಿಲೈಸರ್ ಇವು ಐಸೊಲೇಷನ್ ಕೊಡುವುದಿಲ್ಲ. ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದಾಗ "ಈಗ ಇನ್ವರ್ಟರ್ ಮೇಲಿದೆ, ತೊಂದರೆ ಇಲ್ಲ" ಅನ್ನುವವರಿದ್ದಾರೆ. ಅದೂ 230 ವೋಲ್ಟೇ ಅಲ್ವಾ?

ಇದೆಲ್ಲಕ್ಕೂ ಮೊದಲು ನಿಮ್ಮ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿ ಇದೆಯಾ ನೋಡಿಸಿ. ಹಳೆಯ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ವೈರೇ ಇರದಿರುವುದು ಹೊಸದಲ್ಲ. ಇದ್ದರೂ ನಮ್ಮ ಚಿರೇಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಸುಮ್ನೆ ಹೆಸರಿಗಷ್ಟೇ ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, ಗುಂಡಿಗೆ ಆಗಾಗ ನೀರು ಹಾಕಿ.

ಪ್ರೋಬ್ ಹಾಕುವುದು, ತೆಗೆಯುವುದು ಎರಡೂ ಪ್ಲಗ್ ತೆಗೆದ ಮೇಲೆ, ಕೆಪಾಸಿಟರ್ ಖಾಲಿ ಮಾಡಿದ ಮೇಲೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. 10 ಕಿಲೋಓಮ್ಸ್, 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ವೈರ್ ಬೆಸುಗೆ ಹಾಕಿಟ್ಟುಕೊಳ್ಳಿ. 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 5 ಸೆಕೆಂಡಿನಲ್ಲಿ ಇಳಿಯುತ್ತದೆ. ಆಮೇಲೂ ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ನಿಮ್ಮ ಸ್ಕೋಪಿನ ಮಾಡೆಲ್, ಪ್ರೋಬಿನ ಮೇಲೆ ಬರೆದ ವೋಲ್ಟೇಜ್ ಎರಡನ್ನೂ ತಿಳಿಸಿ. ಯಾವ ಪಾಯಿಂಟಿನಲ್ಲಿ ಏನು ಕಾಣಬೇಕು ಅಂತ ನೋಡಿ ಹೇಳುತ್ತೇನೆ.